57 ಪಂದ್ಯ ಗೆದ್ದ ಸಿನ್ಸಿನಾಟಿ ತಂಡ ಮರುವರ್ಷವೇ ಮುಗಿದುಹೋಗಿದ್ದು ಯಾಕೆ?

ಬಯಲುಸೀಮೆ_ಬ್ಯಾಟು:
ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಇತಿಹಾಸ ಓದಲು ಶುರು ಮಾಡಿದ್ದೇನೆ. ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ ಅಮೆರಿಕದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. 1869ರಲ್ಲಿ ಕ್ಲಬ್‌ಗಳ ವಿರುದ್ಧ 57 ಗೆಲುವು, ಒಂದೂ ಸೋಲಿಲ್ಲ. 1870 ಮುಗಿಯುವಷ್ಟರಲ್ಲಿ ತಂಡವೇ ಇಲ್ಲ! ಏನಾಯಿತು? ಸಿನ್ಸಿನಾಟಿಯಲ್ಲಿ ಈಗಿರುವ ರೆಡ್ಸ್ ಅದೇ ತಂಡವಾ?

ಹಳೇ_ಸ್ಕೋರ್‌ಬುಕ್:
ಆ ತಂಡದ ನಾಯಕ ಹ್ಯಾರಿ ರೈಟ್‌ನಿಂದ ಶುರು ಮಾಡಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವನು, ಸಿನ್ಸಿನಾಟಿಗೆ ಬಂದಿದ್ದೇ ಕ್ರಿಕೆಟ್ ಆಡಲು, ಕಲಿಸಲು. ಆಮೇಲೆ ಬೇಸ್‌ಬಾಲ್ ತಂಡ ಕಟ್ಟಿದ. ಅವನ ತಮ್ಮ ಜಾರ್ಜ್‌ಗೆ 1,400 ಡಾಲರ್, ಹ್ಯಾರಿಗೆ 1,200. ಅಣ್ಣನೇ ನಾಯಕ, ತಮ್ಮನಿಗೆ ಜಾಸ್ತಿ ಸಂಬಳ. ಜಾರ್ಜ್ ಅಷ್ಟು ಚೆನ್ನಾಗಿ ಆಡುತ್ತಿದ್ದ. ಆ ವರ್ಷ ತಾನೇ ಪೂರ್ತಿಯಾಗಿದ್ದ ರೈಲು ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿ ಬಂದರು. ಆಗ ಫೀಲ್ಡರ್‌ಗಳು ಗ್ಲೌಸ್ ಹಾಕುತ್ತಿರಲಿಲ್ಲ, ಬರಿಗೈಯಲ್ಲೇ ಚೆಂಡು ಹಿಡಿಯಬೇಕು, ಅದನ್ನು ನೆನೆಸಿಕೊಂಡು ಆ 57 ಅನ್ನೋ ಸಂಖ್ಯೆ ನೋಡಿ.

ಮಲೆನಾಡ_ಮಳೆ:
ಸಿನ್ಸಿನಾಟಿ ಕೊನೆಗೂ ಸೋತ ದಿನದ ಕಥೆ ನಾನು ಹೇಳುತ್ತೇನೆ, ನನಗೆ ತುಂಬಾ ಇಷ್ಟ. 1870ರ ಜೂನ್ 14, ಬ್ರೂಕ್ಲಿನ್, ಎದುರಾಳಿ ಅಟ್ಲಾಂಟಿಕ್ಸ್. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಅಷ್ಟೂ ಆದಾಗ 5-5. ಅಟ್ಲಾಂಟಿಕ್ಸ್‌ನವರು ಟೈ ಸಾಕು ಅಂದರು. ಹ್ಯಾರಿ ಒಪ್ಪಲಿಲ್ಲ, ಆಡಿಯೇ ತೀರಬೇಕು ಅಂದ. ಹನ್ನೊಂದನೆಯದರಲ್ಲಿ ಸಿನ್ಸಿನಾಟಿ 2 ರನ್ ಹೊಡೆಯಿತು, ಗೆದ್ದೇಬಿಟ್ಟರು ಅನ್ನೋ ಹಾಗಿತ್ತು. ಆಗ ಅಟ್ಲಾಂಟಿಕ್ಸ್‌ನ ಬಲಗೈ ಬ್ಯಾಟರ್ ಬಾಬ್ ಫರ್ಗುಸನ್ ಎಡಗೈ ಬ್ಯಾಟರ್ ಹಾಗೆ ತಿರುಗಿ ನಿಂತ. ಯಾಕೆ ಗೊತ್ತಾ? ಚೆಂಡು ಜಾರ್ಜ್ ರೈಟ್ ಇರುವ ಕಡೆ ಹೋಗಬಾರದು ಅಂತ! ಹೊಡೆದ, ಸ್ಕೋರ್ ಸಮ ಆಯಿತು. ಆಮೇಲೆ ಸಿನ್ಸಿನಾಟಿ ಫೀಲ್ಡಿಂಗ್‌ನಲ್ಲಿ ತಪ್ಪಿತು, ಅವನೇ ಓಡಿ ಬಂದು ಗೆಲುವಿನ ರನ್ ಗಳಿಸಿದ. 8-7.

ಬಯಲುಸೀಮೆ_ಬ್ಯಾಟು:
ಅಬ್ಬಾ! ಆದರೆ ಒಂದು ಸೋಲಿಗೆ ತಂಡ ಮುಚ್ಚುತ್ತಾರಾ?

ಹಳೇ_ಸ್ಕೋರ್‌ಬುಕ್:
ಸೋಲಿಗಲ್ಲ, ದುಡ್ಡಿಗೆ. ಸೋಲದ ತಂಡ ಅಂತ ನೋಡಲು ಬರುತ್ತಿದ್ದ ಜನ ಸೋತ ಮೇಲೆ ಕಡಿಮೆಯಾದರು. ಆಟಗಾರರು ಮಾತ್ರ ಜಾಸ್ತಿ ಸಂಬಳ ಕೇಳತೊಡಗಿದರು, ಅದು ತಪ್ಪು ಅಂತ ನಾನಂತೂ ಹೇಳಲ್ಲ. ಕ್ಲಬ್‌ನವರು ಆ ನವೆಂಬರ್‌ನಲ್ಲಿ 1871ಕ್ಕೆ ಸಂಬಳದ ಆಟಗಾರರು ಬೇಡ ಅಂತ ತೀರ್ಮಾನಿಸಿದರು. ಹ್ಯಾರಿ ಬಾಸ್ಟನ್‌ಗೆ ಹೋದ, ಜಾರ್ಜ್‌ನನ್ನೂ ರೆಡ್ ಸ್ಟಾಕಿಂಗ್ಸ್ ಅನ್ನೋ ಹೆಸರನ್ನೂ ಜೊತೆಗೇ ಒಯ್ದ. ಅಲ್ಲಿ 1872ರಿಂದ 75ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. ಆ ಬಾಸ್ಟನ್ ತಂಡವೇ ಮುಂದೆ ಮಿಲ್ವಾಕಿಗೆ ಹೋಗಿ, 1966ರಲ್ಲಿ ಅಟ್ಲಾಂಟಾಗೆ ಬಂದು, ಈಗಿನ ಬ್ರೇವ್ಸ್ ಆಗಿದೆ.

ಓಹಾಯೋ_ಕನ್ನಡಿಗ:
ಈಗಿನ ರೆಡ್ಸ್ ಬೇರೆ ತಂಡ. 1876ರಲ್ಲಿ ನ್ಯಾಷನಲ್ ಲೀಗ್ ಅನ್ನೋ ವೃತ್ತಿಪರ ತಂಡಗಳ ಲೀಗ್ ಸೇರಿದ್ದ ಇನ್ನೊಂದು ಸಿನ್ಸಿನಾಟಿ ತಂಡವನ್ನು, ಮೈದಾನದಲ್ಲಿ ಬಿಯರ್ ಮಾರಿದ್ದಕ್ಕೆ, ಭಾನುವಾರ ಮೈದಾನ ಬಾಡಿಗೆಗೆ ಕೊಟ್ಟಿದ್ದಕ್ಕೆ 1880ರಲ್ಲಿ ಹೊರಗೆ ಹಾಕಿದರು. ಅದಾದ ಮೇಲೆ 1882ರಿಂದ ಆಡತೊಡಗಿದ ಹೊಸ ತಂಡವೇ ಈಗಿನ ರೆಡ್ಸ್. ಈ ಊರಲ್ಲಿದ್ದುಕೊಂಡು ನನಗೆ ಬೇಜಾರಾಗೋದು ಇನ್ನೊಂದು ವಿಷಯಕ್ಕೆ. 1869ರ ತಂಡದಲ್ಲಿ ಸಿನ್ಸಿನಾಟಿಯಲ್ಲೇ ಹುಟ್ಟಿದವನು ಚಾರ್ಲಿ ಗೂಲ್ಡ್ ಒಬ್ಬನೇ. ಅವನೂ ಹ್ಯಾರಿ ಜೊತೆ ಬಾಸ್ಟನ್‌ಗೆ ಹೊರಟುಹೋದ.