ಸಹಾಯ ಬೇಕು: ಇಂಧನ ಇಳಿದಂತೆ ಫ್ಲೈಯಿಂಗ್ ವಿಂಗ್ ಜೆಟ್ ಕುಣಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನದು ಬಿ-2 ಬಾಂಬರ್ ವಿಮಾನದ ಆಕಾರದ ದೊಡ್ಡ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಟರ್ಬೈನ್ ಜೆಟ್. ಬಾಲ ಇಲ್ಲ, ಪಿಚ್ (ಮೂಗು ಮೇಲೆ ಕೆಳಗೆ), ರೋಲ್ (ಪಕ್ಕಕ್ಕೆ ವಾಲುವುದು) ಎರಡೂ ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಎಲೆವಾನ್‌ಗಳದ್ದೇ ಕೆಲಸ. ಟ್ಯಾಂಕ್ ಸಿಜಿಗಿಂತ (ವಿಮಾನದ ತೂಕ ಸಮತೂಗುವ ಬಿಂದು) ಮುಂದಿದೆ. ಟೇಕಾಫ್ ಚೆನ್ನಾಗೇ ಆಗುತ್ತದೆ. ಸೀಮೆಎಣ್ಣೆ ಅರ್ಧ ಖಾಲಿಯಾದರೆ ಸಿಜಿ ಹಿಂದೆ ಸರಿದು ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಲ್ಯಾಂಡಿಂಗ್‌ನಲ್ಲಂತೂ ಜೀವ ಬಾಯಿಗೆ ಬರುತ್ತದೆ.

ಎಕ್ಸ್‌ಪೋ (ಸ್ಟಿಕ್ ಮಧ್ಯದಲ್ಲಿ ಸ್ಪಂದನೆ ಮೃದು ಮಾಡುವ ಸೆಟ್ಟಿಂಗ್) ಜಾಸ್ತಿ ಮಾಡಿದೆ, ಗೈರೊ ಗೇನ್ (ಅಲುಗಾಟವನ್ನು ಗೈರೊ ಎಷ್ಟು ಜೋರಾಗಿ ತಿದ್ದಬೇಕು ಎಂಬುದು) ಬದಲಿಸಿದೆ. ಎಲೆವಾನ್ ಆಡಿಸುವ ಲಿಂಕೇಜ್ ಕಡ್ಡಿಗಳು ಸಡಿಲ ಇಲ್ಲ. ಮೂಗಿಗೆ ಸೀಸ ಹಾಕಿದರೆ ಕುಣಿತ ನಿಲ್ಲುತ್ತದೆ, ಆದರೆ ಫುಲ್ ಟ್ಯಾಂಕ್‌ನಲ್ಲಿ ರನ್‌ವೇ ಮುಗಿಯುತ್ತಾ ಬಂದರೂ ಮೂಗು ಏಳುವುದಿಲ್ಲ. ಬಾಲ ಇರುವ ಜೆಟ್ ಆಗಿದ್ದರೆ ಇಷ್ಟನ್ನು ತಡೆದುಕೊಳ್ಳುತ್ತಿತ್ತು, ಅಲ್ವಾ?

ಈಗ ಸಿಜಿ ಗೆರೆಯ ಮೇಲೇ, ಎಡಕ್ಕೊಂದು ಬಲಕ್ಕೊಂದು ಟ್ಯಾಂಕ್ ಇಡೋಣ ಅಂತಿದ್ದೇನೆ. ಎರಡೂ ಸಮನಾಗಿ ಖಾಲಿಯಾಗಲು ಹೆಡರ್ ಟ್ಯಾಂಕ್‌ಗೆ (ಎಂಜಿನ್‌ಗೆ ಮೊದಲು ಬರುವ ಚಿಕ್ಕ ಟ್ಯಾಂಕ್) ಪೈಪ್ ಹೇಗೆ ಜೋಡಿಸಬೇಕು? ಒಂದರ ಹಿಂದೆ ಒಂದೋ, ವೈ ಜೋಡಣೆಯೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.