ಮೇಲಿನವರ ಪಾಳಿ ನೀರನ್ನು ದುಡ್ಡು ಕೊಟ್ಟು ತಗೋಬಹುದಾ?

ಕೊನೆಹೊಲದವ (ಸಿರವಾರ ಕಡೆ):
ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದವನು ನಾನು. ಆರು ಎಕರೆ, ಹತ್ತಿ ಮತ್ತು ಮೆಣಸಿನಕಾಯಿ. ನಾಲೆಯ ಗೇಜ್, ಅಂದರೆ ನೀರಿನ ಮಟ್ಟ, ಒಂದು ಸ್ವಲ್ಪ ಇಳಿದರೂ ನಮ್ಮ ತೂಬಿಗೆ ಬರೋದು ಬರೀ ಹಸಿ ಮಣ್ಣು. ಈಗ ನಮ್ಮ ತೂಬಿನಲ್ಲೇ ಮೇಲಿರುವ ಒಬ್ಬರು ಈ ಸಲ ಜೋಳ ಹಾಕಿದ್ದಾರೆ, ಅವರಿಗೆ ಅಷ್ಟು ನೀರು ಬೇಕಿಲ್ಲ. "ನನ್ನ ಪಾಳಿ ನೀನೇ ಬಿಟ್ಟುಕೋ, ರಾತ್ರಿಗೆ ಇಷ್ಟು ಅಂತ ಕೊಡು" ಅಂದರು. ನಾನು ಹೂಂ ಅಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ನಮ್ಮಪ್ಪ ಬೈದರು, ಡ್ಯಾಮಿನ ನೀರು ಅವನಪ್ಪಂದಾ ಮಾರೋಕೆ ಅಂತ. ಆದರೆ ಅಳಿಯ ಹೇಳುತ್ತಾನೆ, ಆಸ್ಟ್ರೇಲಿಯಾದಲ್ಲಿ ರೈತರು ನೀರನ್ನು ಹೀಗೇ ಕೊಂಡು ಮಾರುತ್ತಾರಂತೆ. ನಮ್ಮ ನಾಲೆಗೂ ಹಾಗೆ ಮಾಡಿದರೆ ಕೊನೆಯವರಿಗೆ ನೀರು ಸಿಗುತ್ತಾ?

ಸಂಘದ ಹಳೇ ಕಾರ್ಯದರ್ಶಿ (ಸಿಂಧನೂರು):
ನಿಮ್ಮಪ್ಪ ಹೇಳಿದ್ದು ತಪ್ಪಲ್ಲ ಕಣಪ್ಪ. ನಾಲೆ ನೀರು ಸರ್ಕಾರದ್ದು. ನಾವು ಕಟ್ಟೋದು ನೀರಿನ ಕರ, ಅದೂ ಎಕರೆಗೆ ಮತ್ತು ಬೆಳೆಗೆ ಇಷ್ಟು ಅಂತ. ಎಷ್ಟು ನೀರು ಬಿಟ್ಟುಕೊಂಡೆ ಅಂತ ಯಾರೂ ಅಳೆಯಲ್ಲ. ಅಳತೆನೇ ಇಲ್ಲದ ಸಾಮಾನಿಗೆ ಸಂತೆ ಹೇಗೆ ಕೂಡುತ್ತೆ ಹೇಳು? ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಕಣಿವೆಯಲ್ಲಿ 1994ರಿಂದ ಸುಧಾರಣೆ ಶುರು ಮಾಡಿ ಮೊದಲು ನೀರಿನ ಹಕ್ಕನ್ನು ಜಮೀನಿನಿಂದ ಬೇರೆ ಮಾಡಿದರು, ತೆಗೆಯೋ ನೀರಿಗೆ ಮಿತಿ ಹಾಕಿದರು, ಮೀಟರ್ ಕೂರಿಸಿದರು. ಮಾರಾಟ ಜೋರಾಗಿದ್ದು ಆಮೇಲೆ. ನಮ್ಮಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ಆದ 2000ದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅಳತೆ ಮೇಲೆ ನೀರು ಕೊಡೋ ದಾರಿ ಆಯಿತು. ಕಾಗದದಲ್ಲಿ. ನಾನು ಆರು ವರ್ಷ ಸಂಘ ನೋಡಿಕೊಂಡೆ, ಗೇಜ್ ಕಲ್ಲಿನ ಮೇಲಿನ ಗೆರೆ ಅಳಿಸಿಹೋಗಿತ್ತು, ಅದಕ್ಕೆ ಬಣ್ಣ ಹೊಡೆಸೋಕೆ ಎರಡು ವರ್ಷ ಹಿಡಿಯಿತು.

ಹೊಲದಲ್ಲೇ ಲೆಕ್ಕ ಹಾಕಿ ನೋಡು. ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು 24 ತಾಸು ಹರಿದರೆ ಸುಮಾರು ಎರಡು ಎಕರೆ ಮೇಲೆ ಒಂದು ಅಡಿ ನಿಲ್ಲುತ್ತೆ. ನಿನ್ನ ತೂಬಿಗೆ ಒಂದು ಕ್ಯೂಸೆಕ್ ಬರುತ್ತಾ, ಕಾಲು ಬರುತ್ತಾ? ಅದು ತಿಳಿಯದೆ ರಾತ್ರಿ ಲೆಕ್ಕಕ್ಕೆ ದುಡ್ಡು ಕೊಟ್ಟರೆ ನೀನು ಕೊಂಡಿದ್ದು ನೀರಲ್ಲ, ಕತ್ತಲು.

ಭತ್ತದ ಗದ್ದೆ (ಕಾರಟಗಿ):
ಕೊನೆಯವರು ಯಾವಾಗಲೂ ನಮ್ಮ ಮೇಲೇ ಹಾಯುತ್ತೀರಿ. ಒಪ್ಪುತ್ತೇನೆ, ನಾಲೆ ಕಟ್ಟುವಾಗ ಜೋಳ, ಹತ್ತಿ, ಶೇಂಗಾಕ್ಕೇ ಜಾಸ್ತಿ ಲೆಕ್ಕ ಹಾಕಿದ್ದರು, ನಾವು ಭತ್ತ ಹಾಕಿದೆವು. ಆದರೆ ಮೂರು ತಲೆಮಾರು ಭತ್ತ ಬೆಳೆದ ಕರಿ ಮಣ್ಣು, ಎಷ್ಟೋ ಕಡೆ ಜವಳು ಹಿಡಿದಿದೆ. ನಾಳೆಯಿಂದ ಹತ್ತಿ ಹಾಕು ಅಂದರೆ ಆಗುತ್ತಾ? ಬೇಕಾದರೆ ನೀರು ಬಿಟ್ಟುಕೊಡೋಕೆ ದುಡ್ಡು ಕೊಡಿ, ನನ್ನಂಥವರು ನಾಲ್ಕು ಜನ ಯೋಚನೆ ಮಾಡುತ್ತಾರೆ. ಸುಮ್ನೆ ಭಾಷಣ ಮಾಡಿದರೆ ಯಾರೂ ಬಿಡಲ್ಲ. ಡ್ಯಾಮಿನಲ್ಲಿ 133 ಟಿಎಂಸಿ ಜಾಗ ಇದ್ದದ್ದು ಹೂಳು ತುಂಬಿ 105ಕ್ಕೆ ಬಂದಿದೆ, ಅದನ್ನೂ ನಾವೇ ಕುಡಿದೆವಾ?

ಸಂಘದ ಹಳೇ ಕಾರ್ಯದರ್ಶಿ:
ದುಡ್ಡು ಕೊಟ್ಟರೆ ಬಿಡುತ್ತೇನೆ ಅಂದಿರಲ್ಲ, ಅದು ನ್ಯಾಯವಾದ ಮಾತೇ. ಆಸ್ಟ್ರೇಲಿಯಾದಲ್ಲಿ ಆಗಿದ್ದೂ ಅದೇ. ಬರ ಬಿದ್ದ ವರ್ಷಗಳಲ್ಲಿ ಎಷ್ಟೋ ಭತ್ತದವರು ಬೆಳೆ ಬಿಟ್ಟು ನೀರನ್ನು ದ್ರಾಕ್ಷಿ, ಬಾದಾಮಿ ತೋಟದವರಿಗೆ ಮಾರಿದರು. ಮಾರಿದವರಿಗೆ ಕೈಗೆ ದುಡ್ಡು ಬಂತು, ಆದರೆ ಗದ್ದೆ ಕೆಲಸದವರಿಗೆ, ಅಕ್ಕಿ ಗಿರಣಿಯವರಿಗೆ ಏನು ಬಂತು? ಕಾರಟಗಿ, ಗಂಗಾವತಿ ಗಿರಣಿಗಳನ್ನು ನೆನೆಸಿಕೊಂಡು ಹೇಳಿ. ಅಲ್ಲಿ ಹೊಲ ಇಲ್ಲದವರೂ ನೀರು ಕೊಂಡು ಇಟ್ಟುಕೊಂಡು ಮಾರಬಹುದು. ನಮ್ಮಲ್ಲಿ ಅದನ್ನು ಬಿಟ್ಟರೆ ಮೊದಲು ಬರೋದು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಬೋರ್‌ವೆಲ್ ಸಾಲಗಾರ (ಕುಷ್ಟಗಿ):
ನೀವು ನಾಲೆ ಇದ್ದೂ ಅಳುತ್ತೀರಿ ಬಿಡ್ರಿ. ನಮ್ಮ ಕಡೆ ನೀರಿನ ಯಾಪಾರ ಎಂದೋ ಶುರುವಾಗಿದೆ, ಯಾವ ಕಾಯ್ದೆಯೂ ಕೇಳಿಲ್ಲ. ಬೋರ್ ಇದ್ದವನು ಪಕ್ಕದ ಹೊಲಕ್ಕೆ ಪೈಪ್ ಎಳೆದು ನೀರು ಕೊಡುತ್ತಾನೆ, ಬೆಳೆಯಲ್ಲಿ ಪಾಲು ತಗೋತಾನೆ. ನಾನೂ ಎರಡು ವರ್ಷ ಹಾಗೆ ಶೇಂಗಾ ಬೆಳೆದೆ. ಮೂರನೇ ವರ್ಷ ಅವನ ಬೋರ್ ಬತ್ತಿತು, ನನ್ನ ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ. ಯಾರನ್ನು ಕೇಳಲಿ? ಅವನೂ ಸಾಲ ಮಾಡಿ ಇನ್ನೊಂದು ತೋಡಿಸುತ್ತಿದ್ದ. ಹಂಗಾಗಿ ಅಣ್ಣಾ, ತಗೋ, ಆದರೆ ನೀರು ಹೊಲಕ್ಕೆ ಬಂದ ಮೇಲೆ ದುಡ್ಡು ಕೊಡು. ಮುಂಗಡ ಮಾತ್ರ ಬೇಡ.

ಇನ್ನೊಂದು. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಕೆ ಅವರು 1970ರ ದಶಕದಲ್ಲಿ ಪಾಣಿ ಪಂಚಾಯತ್ ಅಂತ ಮಾಡಿದ್ದರು. ನೀರಿನ ಪಾಲು ಎಕರೆಗಲ್ಲ, ಮನೆಯ ತಲೆಗೆ. ಹೊಲ ಇಲ್ಲದವರಿಗೂ ಪಾಲು, ಕಬ್ಬು ಹಾಕೋ ಹಾಗಿಲ್ಲ. ಮಾರೋದಾದರೆ ಮೊದಲು ಹೀಗೆ ಹಂಚಿ, ಆಮೇಲೆ ಮಾರಿಕೊಳ್ಳಲಿ.

ಭತ್ತದ ಗದ್ದೆ:
ತಲೆಗೆ ಹಂಚಿದರೆ ನಮ್ಮೂರಲ್ಲಿ ಹೊಡೆದಾಟ ಆಗುತ್ತೆ ಅಷ್ಟೇ.

ಕೊನೆಹೊಲದವ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಒಂದು ಪಾಳಿ ತಗೊಂಡೆ, ದುಡ್ಡು ಬಾಕಿ ಇಟ್ಟು. ಹನ್ನೊಂದರವರೆಗೆ ಚೆನ್ನಾಗಿ ಬಂತು. ಆಮೇಲೆ ಮೇಲೆ ಯಾರೋ ಮೋಟಾರ್ ಹಾಕಿದರು, ಕಾಲುವೆ ತಳ ಕಾಣಿಸಿತು. ಅರ್ಧ ಎಕರೆ ಮೆಣಸಿನಕಾಯಿ ನೆಂದಿದೆ. ಬೆಳಿಗ್ಗೆ ಆ ಜೋಳದವರು ಬಂದರು, ಪೂರ್ತಿ ರಾತ್ರಿಯ ದುಡ್ಡು ಕೇಳುತ್ತಿದ್ದಾರೆ. ಕಾರ್ಯದರ್ಶಿ ಕಾಕಾ, ಇದಕ್ಕೆ ನಿಮ್ಮ ಸಂಘದಲ್ಲಿ ಯಾವ ಲೆಕ್ಕ ಹಾಕುತ್ತಿದ್ದಿರಿ?