ಹಂಚಿನ ಮುಂದೆ ನಿಂತು ಹೇಳಿದ ಆಸ್ಕರ್ ಭವಿಷ್ಯ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ಮಾತಾಡ್ತಿದ್ದೇನೆ. ಉದ್ದದ ವಾಯ್ಸ್ ಮೆಸೇಜ್ ಕಳಿಸಿದರೆ ನೀವು ಯಾರೂ ಪೂರ್ತಿ ಕೇಳುವುದಿಲ್ಲ. ಕೇಳಿದರೂ ಡಬಲ್ ಸ್ಪೀಡಿನಲ್ಲಿ ಓಡಿಸಿ ನನ್ನ ದನಿಯನ್ನು ಕೋಳಿ ದನಿ ಮಾಡುತ್ತೀರಿ. ಅದಕ್ಕೇ ನಾನು ಮಾತಾಡಿದ್ದನ್ನು ಫೋನೇ ಬರೆದುಕೊಳ್ಳುವ ಹಾಗೆ ನಮ್ಮ ಹೋಟೆಲಿನ ಹುಡುಗ ಮಾಡಿಕೊಟ್ಟಿದ್ದಾನೆ. ನಡುವೆ ಎಲ್ಲಾದರೂ 'ಎರಡು ಬೆಣ್ಣೆ, ಒಂದು ಖಾಲಿ' ಅಂತ ಬಂದರೆ ಅದು ಆಸ್ಕರ್ ವಿಭಾಗ ಅಲ್ಲ, ಗಿರಾಕಿ.

ಪುಟ್ಟಿ, ನಿನ್ನೆ ರಾತ್ರಿ ಬೆಂಗಳೂರಿಂದ ನೀನು ಹಾಕಿದ ಪಟ್ಟಿ ನೋಡಿದೆ. ಬರುವ ಸೋಮವಾರ ಆಸ್ಕರ್. ಯಾವ ಪ್ರಶಸ್ತಿ ಯಾರಿಗೆ ಅಂತ ಮನೆಮಂದಿಯೆಲ್ಲ ಶನಿವಾರದೊಳಗೆ ಹೇಳಬೇಕು. ಕಡಿಮೆ ಅಂಕ ಬಂದವರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು. ಸರಿ. ಆದರೆ ಈ ಕಾನೂನು ಬರೆಯುವಾಗ ಯಾರಿಗೂ ನನ್ನ ನೆನಪಾಗಲಿಲ್ಲವಾ? ಹೋಟೆಲ್ ನಂದು. ನಾನು ಸೋತರೆ ಪುಕ್ಕಟೆ ಕೊಡಬೇಕು. ಬೇರೆಯವರು ಸೋತರೆ 'ಮನೆಯವರ ಹತ್ತಿರ ದುಡ್ಡು ತಗೊಳ್ತೀಯೇನೋ' ಅಂತ ಅಕ್ಕ ಕಣ್ಣು ಬಿಡುತ್ತಾಳೆ. ಹೋದ ವರ್ಷ ಸೋತವರು ಭಾವ. ದೋಸೆ ಎದ್ದಿದ್ದು ನನ್ನ ಹಂಚಿನಿಂದ, 32. ಬೆಣ್ಣೆ ಲೆಕ್ಕ ಬೇರೆ.

ಇನ್ನೊಂದು ವಿಷಯ ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ನಿನ್ನ ಪಟ್ಟಿಯಲ್ಲಿರುವ ಒಂದು ಸಿನಿಮಾವನ್ನೂ ನಾನು ನೋಡಿಲ್ಲ. ಬೇಕಂತಲೇ ನೋಡಿಲ್ಲ. ಹೋದ ವರ್ಷ ನಿನ್ನ ಮಾತು ಕೇಳಿ ಮೂರು ಸಿನಿಮಾ ನೋಡಿದೆ, ಅದರಲ್ಲಿ ಎರಡಕ್ಕೆ ನಿದ್ದೆ ಮಾಡಿದೆ, ವಿಮರ್ಶೆ ಬೇರೆ ಓದಿದೆ. ನಾಲ್ಕು ಸರಿ ಬಂತು. ಅತ್ತಿಗೆ ಬರೀ ಪೋಸ್ಟರ್ ಬಣ್ಣ ನೋಡಿ ಒಂಬತ್ತು ತಗೊಂಡರು. ಸಿನಿಮಾ ನೋಡಿದರೆ ಭವಿಷ್ಯ ಕೆಡುತ್ತದೆ ಅಂತ ಆವತ್ತೇ ಗೊತ್ತಾಯಿತು.

ಆದರೆ ಆ ಸಮಾರಂಭವನ್ನು ಮಾತ್ರ ನಿಮ್ಮೆಲ್ಲರಿಗಿಂತ ಜಾಸ್ತಿ ನೋಡಿದವನು ನಾನೇ. ಲಾಸ್ ಏಂಜಲಿಸ್‌ನಲ್ಲಿ ಭಾನುವಾರ ಸಂಜೆ ಅಂದರೆ ದಾವಣಗೆರೆಯಲ್ಲಿ ಸೋಮವಾರ ನಸುಕು. ನೀವು ಹೊದ್ದುಕೊಂಡು ಮಲಗಿರುತ್ತೀರಿ. ನಾನು ಒಲೆಗೆ ಸೌದೆ ತುರುಕಿ, ಬೆಂದ ಆಲೂಗಡ್ಡೆ ಸುಲಿಯುತ್ತಾ ಕೂತಿರುತ್ತೇನೆ. ಫೋನು ಬೆಣ್ಣೆ ಡಬ್ಬಿಗೆ ಒರಗಿಸಿರುತ್ತೇನೆ. ಬೆರಳೆಲ್ಲ ಆಲೂಗಡ್ಡೆ ಅಂಟು, ಏನಾದರೂ ಒತ್ತಬೇಕಾದರೆ ಮೂಗಿನ ತುದಿಯಿಂದ ಒತ್ತಬೇಕು. ಒಂದು ಸಲ ಹಾಗೆ ಒತ್ತಲು ಹೋಗಿ ಹಾಲಿನವನಿಗೆ ವಿಡಿಯೋ ಕಾಲ್ ಹೋಗಿತ್ತು.

ಅಂದಹಾಗೆ ನಮ್ಮ ದೋಸೆಗೂ ಆಸ್ಕರ್‌ಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಚೆನ್ನಮ್ಮ ಅನ್ನುವ ಹೆಣ್ಣುಮಗಳು 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು, ನಾಟಕದ ಥಿಯೇಟರ್ ಪಕ್ಕ ರಾಗಿ ದೋಸೆ ಹಾಕಲು ಶುರು ಮಾಡಿದಳು ಅಂತ ಊರಲ್ಲಿ ಹೇಳುತ್ತಾರೆ. ಅಕ್ಕಿ ಹಿಟ್ಟಿನ ದೋಸೆ ಆಮೇಲೆ ಬಂದಿದ್ದು. ಮೊದಲ ಆಸ್ಕರ್ ನಡೆದಿದ್ದು 1929ರ ಮೇ 16ಕ್ಕೆ, ಅದೂ ಒಂದು ಹೋಟೆಲಿನಲ್ಲೇ. ಊಟ ಆದಮೇಲೆ ಹದಿನೈದು ನಿಮಿಷದಲ್ಲಿ ಪ್ರಶಸ್ತಿ ಹಂಚಿ ಮುಗಿಸಿದ್ದರಂತೆ. ಈಗ ಮೂರೂವರೆ ತಾಸು ಎಳೆಯುತ್ತಾರೆ. ನಮ್ಮ ದೋಸೆ ಆವತ್ತೂ ಮೂರು ನಿಮಿಷ, ಇವತ್ತೂ ಮೂರು ನಿಮಿಷ.

ಈಗ ಭವಿಷ್ಯ. ಪೆನ್ನು ತಗೋ ಪುಟ್ಟಿ.

ಬೆಸ್ಟ್ ಪಿಕ್ಚರ್ ಮುಂದೆ ನನ್ನ ಹೆಸರಿಗೆ 'ಕೇಸರಿಬಾತ್' ಅಂತ ಬರಿ. ನಗಬೇಡಿ. ನಿಮ್ಮ ಅಕ್ಕನ ಮದುವೆಗೆ ಸಿಹಿ ಯಾವುದು ಅಂತ ಗಲಾಟೆ ಆಗಿದ್ದು ನೆನಪಿದೆಯಾ? ಹನ್ನೊಂದು ಜನ ಹಿರಿಯರು ಕೂತಿದ್ದರು. ಹೋಳಿಗೆಗೆ 5 ಜನ, ಕೇಸರಿಬಾತ್‌ಗೆ 4 ಜನ, ಜಾಮೂನಿಗೆ 2. ಹೋಳಿಗೆ ಗೆದ್ದಿತು ಅಂತ ದೊಡ್ಡಪ್ಪ ಆಗಲೇ ಬೆಲ್ಲ ತರಲು ಚಪ್ಪಲಿ ಮೆಟ್ಟಿದ್ದರು. ಅಜ್ಜಿ ಬಿಡಲಿಲ್ಲ. 'ಅರ್ಧಕ್ಕಿಂತ ಜಾಸ್ತಿ ಯಾವುದಕ್ಕೂ ಬಂದಿಲ್ಲ ತಡಿಯೋ. ಜಾಮೂನಿನವರೇ, ಜಾಮೂನು ಇಲ್ಲ ಅಂದರೆ ಏನು ತಿಂತೀರಿ?' ಅಂದಳು. ಇಬ್ಬರೂ ಕೇಸರಿಬಾತ್ ಅಂದರು. ಆರಕ್ಕೆ ಐದು. ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು, ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಅಜ್ಜಿ ಜೀವಮಾನದಲ್ಲಿ ಆಸ್ಕರ್ ಹೆಸರು ಕೇಳಿರಲಿಲ್ಲ. ಆದರೆ ಬೆಸ್ಟ್ ಪಿಕ್ಚರ್‌ಗೆ ಓಟು ಎಣಿಸುವುದು ಥೇಟ್ ಹೀಗೇ. ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಹತ್ತು ಸಿನಿಮಾಗಳನ್ನು ಒಂದು, ಎರಡು, ಮೂರು ಅಂತ ಇಷ್ಟದ ಪ್ರಕಾರ ಬರೆದುಕೊಡಬೇಕು. ಯಾವುದಕ್ಕೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯಲ್ಲಿರುವುದನ್ನು ತೆಗೆದು, ಆ ಓಟುಗಳನ್ನು ಅವರವರ ಮುಂದಿನ ಇಷ್ಟಕ್ಕೆ ಸೇರಿಸುತ್ತಾರೆ. ಅರ್ಧ ದಾಟುವವರೆಗೂ ಇದೇ ಕೆಲಸ. ಮಿಕ್ಕ ಪ್ರಶಸ್ತಿಗಳಿಗೆ ಈ ತಲೆನೋವಿಲ್ಲ, ಜಾಸ್ತಿ ಓಟು ಬಿದ್ದವರು ಗೆದ್ದರು. ಹಾಗಾಗಿ ಅರ್ಧ ಜನ ಕುಣಿದಾಡಿ ಇನ್ನರ್ಧ ಜನ ಬೈಯುವ ಸಿನಿಮಾಕ್ಕೆ ಇಲ್ಲಿ ಕಷ್ಟ. ನಿನ್ನ ಫ್ರೆಂಡ್ಸ್ ಯಾವುದರ ಬಗ್ಗೆ ಜಗಳ ಆಡದೆ 'ಹ್ಞೂಂ, ಚೆನ್ನಾಗಿದೆ' ಅನ್ನುತ್ತಾರೋ ಅದೇ ಕೇಸರಿಬಾತ್. ಅದರ ಹೆಸರು ನೀನೇ ತುಂಬಿಕೋ.

ನಟ, ನಟಿ ಜಾಸ್ತಿ ಯೋಚನೆ ಮಾಡಬೇಡ. ಮೂಗು ಬದಲಾಯಿಸಿಕೊಂಡವರು, ಇಪ್ಪತ್ತು ಕೆಜಿ ಇಳಿಸಿದವರು, ಇಲ್ಲಾ ಸತ್ತುಹೋದ ದೊಡ್ಡ ಮನುಷ್ಯರ ಪಾತ್ರ ಮಾಡಿದವರು. ಮೂರರಲ್ಲಿ ಎರಡು ಇದ್ದರೆ ಕಣ್ಣು ಮುಚ್ಚಿ ಟಿಕ್ ಹಾಕು.

ಅತ್ತಿಗೆ ಕೇಳಿದ್ದಾರೆ, ಆ ಗೊಂಬೆ ಪೂರ್ತಿ ಚಿನ್ನವಾ ಅಂತ. ಇಲ್ಲ ಅತ್ತಿಗೆ. ಒಳಗೆ ಕಂಚು, ಮೇಲೆ 24 ಕ್ಯಾರೆಟ್ ಚಿನ್ನದ ಲೇಪ. ತೂಕ 3.85 ಕೆಜಿ. ಅಡ ಇಡೋಣ ಅಂತ ಯೋಚನೆ ಇದ್ದರೆ ಬಿಡಿ. 1950ರಿಂದ ಒಂದು ಕಾನೂನಿದೆ. ಗೆದ್ದವರು ಅದನ್ನು ಮಾರಬೇಕಾದರೆ ಮೊದಲು ಅಕಾಡೆಮಿಗೇ 1 ಡಾಲರ್‌ಗೆ ಕೊಡುತ್ತೇನೆ ಅನ್ನಬೇಕು. ಒಂದು ಡಾಲರಿಗೆ ನನ್ನ ಹತ್ತಿರ ಒಂದು ಬೆಣ್ಣೆ ದೋಸೆ, ಒಂದು ಟೀ ಬರುತ್ತದೆ. ನಮ್ಮ ದೇಶಕ್ಕೆ ಮೊದಲು ಇದನ್ನು ತಂದವರು ಕೊಲ್ಹಾಪುರದ ಭಾನು ಅಥೈಯಾ, 1983ರಲ್ಲಿ, 'ಗಾಂಧಿ' ಸಿನಿಮಾದ ವಸ್ತ್ರವಿನ್ಯಾಸಕ್ಕೆ. ಅವರು 2012ರಲ್ಲಿ ಅದನ್ನು ವಾಪಸ್ ಅಕಾಡೆಮಿಗೇ ಕೊಟ್ಟರು, ಜೋಪಾನವಾಗಿರಲಿ ಅಂತ. ಬುದ್ಧಿವಂತೆ. ನಮ್ಮ ಮನೆಯಲ್ಲಾಗಿದ್ದರೆ ಶೋಕೇಸಿನಲ್ಲಿ ಅದರ ಕೊರಳಿಗೆ ಯಾರೋ ಸ್ಕೂಟರ್ ಕೀ ನೇತುಹಾಕಿರುತ್ತಿದ್ದರು.

ಭಾಷಣದ ಭವಿಷ್ಯ. ಗೆದ್ದವರಿಗೆ ಕೊಡುವುದು 45 ಸೆಕೆಂಡ್. ಆಮೇಲೆ ವಾದ್ಯ ಬಾರಿಸಿ ಇಳಿಸುತ್ತಾರೆ. ಆದರೆ ಎಲ್ಲರನ್ನೂ ಇಳಿಸುವುದಿಲ್ಲ, ಅದೇ ನನ್ನ ಸಿಟ್ಟು. 2023ರಲ್ಲಿ ಮುದುಮಲೆಯ ಆನೆಮರಿ ಸಾಕಿದ ದಂಪತಿಯ ಸಾಕ್ಷ್ಯಚಿತ್ರಕ್ಕೆ ಪ್ರಶಸ್ತಿ ಬಂತಲ್ಲ, ಅದರ ನಿರ್ಮಾಪಕಿ ಗುನೀತ್ ಮೋಂಗಾ ಬಾಯಿ ತೆಗೆಯುವಷ್ಟರಲ್ಲಿ ವಾದ್ಯ ಶುರು. 2025ರಲ್ಲಿ ನಟ ಪ್ರಶಸ್ತಿ ಗೆದ್ದ ಏಡ್ರಿಯನ್ ಬ್ರೋಡಿ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ತೆಗೆದು ಗೆಳತಿಯ ಕಡೆ ಎಸೆದು ವೇದಿಕೆ ಹತ್ತಿದವನು, ಐದೂವರೆ ನಿಮಿಷಕ್ಕೂ ಮೇಲೆ ಮಾತಾಡಿದ. ವಾದ್ಯದವರಿಗೇ ನಿಲ್ಲಿಸಿ ಅಂದ. ನಾನು ಎರಡು ಸಲ ಹಂಚು ತುಂಬಾ ದೋಸೆ ಎಬ್ಬಿಸಿದೆ, ಅವನಿನ್ನೂ ಅಲ್ಲೇ. ನಮ್ಮ ನಾಮಕರಣಗಳಲ್ಲಿ ಭಾವನ ಕೈಗೆ ಮೈಕ್ ಸಿಕ್ಕ ಹಾಗೆ. ಸಿಟ್ಟಾಗಬೇಡಿ ಭಾವ, ನೀವು ಗಮ್ ಎಸೆಯುವುದಿಲ್ಲ. ಈ ಸಲ ಉದ್ದ ಮಾತಾಡುವವನು ಹಳೇ ಹೀರೋ, ಅರ್ಧಕ್ಕೇ ಇಳಿಯುವವರು ಕಿರುಚಿತ್ರದವರು. ಬರೆದುಕೊಳ್ಳಿ.

ಅದೇ 2023ರ ಬೆಳಿಗ್ಗೆ 'ನಾಟು ನಾಟು' ಗೆದ್ದಾಗ ಕೀರವಾಣಿ ಅವರು 'ಕಾರ್ಪೆಂಟರ್ಸ್ ಕೇಳುತ್ತಾ ಬೆಳೆದೆ' ಅಂದರು. ಅದು ಅಮೆರಿಕದ ಹಾಡುಗಾರರ ತಂಡ. ನಮ್ಮ ಹೋಟೆಲಿಗೆ ದಿನಾ ಬರುವ ಬಡಗಿ ಮೇಸ್ತ್ರಿ ದೋಸೆ ಬಿಟ್ಟು ಎದ್ದು ನಿಂತರು. 'ನೋಡಿದ್ರಾ, ನಮ್ಮವರನ್ನು ನೆನೆಸಿಕೊಂಡ' ಅಂತ ಎಲ್ಲರಿಗೂ ಟೀ ಕೊಡಿಸಿದರು. ನಾನು ತಿದ್ದಲಿಲ್ಲ. ಹನ್ನೆರಡು ಟೀ ವ್ಯಾಪಾರ.

ಕವರ್ ಅದಲುಬದಲು ಆಗುತ್ತದಾ ಅಂತಲೂ ನಿನ್ನ ಪಟ್ಟಿಯಲ್ಲಿದೆ. ಆಗಲ್ಲ. 2017ರಲ್ಲಿ ಒಮ್ಮೆ ಆಗಿ ಮಾನ ಹೋಗಿದೆ. ಆಗ ಪ್ರತಿ ಪ್ರಶಸ್ತಿಗೂ ಎರಡು ಕವರ್ ಇರುತ್ತಿದ್ದವು, ವೇದಿಕೆಯ ಆ ಕಡೆ ಒಂದು, ಈ ಕಡೆ ಒಂದು. ಆವತ್ತು ಬೆಸ್ಟ್ ಪಿಕ್ಚರ್ ಹೆಸರು ಓದಲು ಬಂದ ಹಳೇ ನಟ ವಾರೆನ್ ಬೀಟಿ ಕೈಗೆ ಹೋಗಿದ್ದು ಆಗಲೇ ಮುಗಿದಿದ್ದ ನಟಿ ಪ್ರಶಸ್ತಿಯ ಇನ್ನೊಂದು ಕವರ್. ಪಾಪ, ಮನುಷ್ಯ ಕವರ್ ಒಳಗೆ ಮತ್ತೆ ಇಣುಕಿ ನೋಡಿದ. ಜೊತೆಗಿದ್ದ ಫೇ ಡನವೇ ಕೈಗೆ ಕಾರ್ಡ್ ಕೊಟ್ಟ. ಆಯಮ್ಮ ಅದರಲ್ಲಿದ್ದ ಸಿನಿಮಾ ಹೆಸರು ನೋಡಿ 'ಲಾ ಲಾ ಲ್ಯಾಂಡ್' ಅಂದೇಬಿಟ್ಟಳು. ಆ ಸಿನಿಮಾದವರು ಭಾಷಣ ಮಾಡುತ್ತಿರುವಾಗಲೇ ಗೆದ್ದಿದ್ದು 'ಮೂನ್‌ಲೈಟ್' ಅಂತ ಗೊತ್ತಾಯಿತು.

ನನಗೆ ಆ ಇಣುಕುವ ಮುಖ ಚೆನ್ನಾಗಿ ಗೊತ್ತು. ನಿಟ್ಟುವಳ್ಳಿಯ ಒಂದು ಗೃಹಪ್ರವೇಶದಲ್ಲಿ ಮುಯ್ಯಿ ಬರೆಯುವವನ ಮುಖ ಹಾಗೇ ಆಗಿತ್ತು. ನಿಮ್ಮ ಚಿಕ್ಕಮ್ಮ ನನ್ನ ಅಂಗಿ ಜೇಬಿನಿಂದ ಕವರ್ ತೆಗೆದು ಠೀವಿಯಿಂದ ಕೊಟ್ಟಳು. 501 ರೂಪಾಯಿಯ ಕವರ್ ಇನ್ನೊಂದು ಜೇಬಿನಲ್ಲಿತ್ತು. ಇದರೊಳಗೆ ಹೋಟೆಲಿನ ಕರೆಂಟ್ ಬಿಲ್. ಅವನು ತೆಗೆದು ನೋಡಿದ, ಮತ್ತೆ ಕವರ್ ಒಳಗೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: 'ಇದನ್ನು ನಾವು ಕಟ್ಟಬೇಕಾ ಅಣ್ಣ?'

ಇನ್ನು ಭಾರತದ ಬಾಬ್ತು. ಭಾವ, ಈ ಸಲ ಪಟಾಕಿ ಬೇಡ. 2023ರಲ್ಲಿ 'ಕಾಂತಾರ' ಆಸ್ಕರ್ ಪಟ್ಟಿಯಲ್ಲಿದೆ ಅಂತ ನೀವು ಬೀದಿಯಲ್ಲಿ ಸರ ಹಚ್ಚಿದಿರಿ. ಅದು ಸ್ಪರ್ಧೆಗೆ ಅರ್ಹವಾದ 301 ಸಿನಿಮಾಗಳ ಪಟ್ಟಿ. ಅಂದರೆ ಮತದಾರರ ಪಟ್ಟಿಯಲ್ಲಿ ಹೆಸರು ಬಂದ ಹಾಗೆ, ಎಂಎಲ್ಎ ಆದ ಹಾಗಲ್ಲ. ಈ ಸಲ ನನ್ನ ಭವಿಷ್ಯ ಇಷ್ಟೇ: ಸೋಮವಾರ ಏನೂ ಬರದಿದ್ದರೂ ಮಂಗಳವಾರ ಮಧ್ಯಾಹ್ನದೊಳಗೆ, ಗೆದ್ದ ಯಾವುದೋ ಸಿನಿಮಾದ ಗ್ರಾಫಿಕ್ಸ್‌ನಲ್ಲಿ ಕೂತು ಮೋಡ ಬಿಡಿಸಿದ ಹುಡುಗ ಹರಿಹರದವನು ಅಂತ ಯಾರೋ ಫಾರ್ವರ್ಡ್ ಮಾಡುತ್ತಾರೆ. ಆ ಯಾರೋ ಅಂದರೆ ಭಾವ.

ತೀರಿಕೊಂಡವರನ್ನು ನೆನೆಯುವಾಗ ಒಂದಿಬ್ಬರ ಹೆಸರು ಬಿಟ್ಟು ಬೈಸಿಕೊಳ್ಳುತ್ತಾರೆ, ಇದಕ್ಕೆ ಪೂರ್ತಿ ಅಂಕ ಕೊಡಬೇಕು. ಲಗ್ನಪತ್ರಿಕೆಯಲ್ಲಿ ನಮ್ಮ ಸೋದರಮಾವನ ಹೆಸರು ಬಿಟ್ಟುಹೋಗಿ ಎಷ್ಟು ವರ್ಷ ಆಯಿತು, ಇವತ್ತಿಗೂ ಅವರು ನಮ್ಮ ಮನೆ ಮುಂದೆ ಬಂದರೆ ಗಾಡಿ ಸ್ಪೀಡ್ ಮಾಡುತ್ತಾರೆ.

ಎರಡು ಓಪನ್, ಒಂದು ಖಾಲಿ, ಪಲ್ಯ ಜಾಸ್ತಿ. ಹ್ಞಾಂ, ಬಂದೆ.

ಪುಟ್ಟಿ, ಇಷ್ಟು ಬರೆದುಕೋ. ಅತ್ತಿಗೆ, ಈ ಸಲ ನೀವು ಯಾವ ಬಣ್ಣದ ಪೋಸ್ಟರ್‌ಗೆ ಹಾಕಿದ್ದೀರಿ ಅಂತ ಗ್ರೂಪಿನಲ್ಲಿ ಬೇಡ, ನನ್ನ ನಂಬರಿಗೆ ಮಾತ್ರ ಕಳಿಸಿ. ನಾಳೆ ಬೆಳಿಗ್ಗೆ ಹುಡುಗನ ಕೈಲಿ ನಾಲ್ಕು ಬೆಣ್ಣೆ ದೋಸೆ ಕಳಿಸುತ್ತೇನೆ, ಬೆಣ್ಣೆ ಬೇರೆ ಕಟ್ಟಿ.